ರಸ್ತೆ ಏರಿತು, ಹೊಸಲು ಮುಳುಗಿತು

ನಾಯಂಡಹಳ್ಳಿ ಜಂಕ್ಷನ್ ನಿಮಗೆಲ್ಲ ಗೊತ್ತು. ಜ್ಞಾನಭಾರತಿಗೆ ಓದಲು ಹೋಗುವವರು, ಕೆಂಗೇರಿ ಕಡೆಯ ಹಾಸ್ಟೆಲುಗಳಲ್ಲಿ ಇರುವವರು, ಊರಿನಿಂದ ರಾಗಿ ಹಿಟ್ಟಿನ ಗಂಟು ಹೊತ್ತುಕೊಂಡು ಮೈಸೂರು ರಸ್ತೆಯ ಬಸ್ಸಿನಲ್ಲಿ ಬಂದಿಳಿಯುವವರು, ಎಲ್ಲರೂ ಇದನ್ನು ದಾಟಿಯೇ ಬಂದಿದ್ದೇವೆ. ತಲೆಯ ಮೇಲೆ ಫ್ಲೈಓವರ್. ಪಕ್ಕದಲ್ಲಿ 2021ರಿಂದ ಓಡುತ್ತಿರುವ ಮೆಟ್ರೋ. ಹೊರವರ್ತುಲ ರಸ್ತೆ ಬಂದು ಮೈಸೂರು ರಸ್ತೆಗೆ ಕೂಡುವ ಜಾಗ. ಬದಿಯಲ್ಲಿ, ಒಂದು ಕಾಲಕ್ಕೆ ಹೊಳೆಯಾಗಿದ್ದ ವೃಷಭಾವತಿ ಕಪ್ಪಗೆ ನೊರೆ ಕಾರುತ್ತಾ ಹರಿಯುತ್ತದೆ. ಬಸ್ಸಿನ ಕಿಟಕಿಯಿಂದ ಕಾಣುವುದು ಇಷ್ಟು. ಇಳಿದು ಹಿಂದಿನ ಗಲ್ಲಿಗಳಿಗೆ ನಡೆದರೆ ಕಾಣುವುದೇ ಬೇರೆ.

ಹೋದ ಮಳೆಗಾಲದಲ್ಲಿ ನಾವು ನಾಲ್ಕು ಜನ ಅಂಥ ಒಂದು ಗಲ್ಲಿಗೆ ಹೋಗಿದ್ದೆವು. ನಮ್ಮ ಜೊತೆ ಓದುವ ಹುಡುಗನೊಬ್ಬನ ಮನೆ. ಅವನ ಅವ್ವ ಕೋಳಿ ಕೂಗುವ ಮುಂಚೆ ಎದ್ದು ಪೊರಕೆ ಹಿಡಿದು ದೊಡ್ಡವರ ಬೀದಿ ಗುಡಿಸಲು ಹೋಗುವಾಕೆ. ನಾವು ಹೋದಾಗ ಆಕೆ ಬೀದಿ ಗುಡಿಸಿ ಬಂದು, ತನ್ನ ಮನೆಯೊಳಗಿನ ನೀರನ್ನು ತಪ್ಪಲೆಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಹೊಸಲಿನ ಮೇಲೆ ಮೊಣಕಾಲೆತ್ತರಕ್ಕೆ ಇಟ್ಟಿಗೆ ಕಟ್ಟಿ ಸಿಮೆಂಟು ಮೆತ್ತಿದ್ದಾರೆ. ಅದನ್ನು ದಾಟಿ ಒಳಗೆ ಕಾಲಿಡಬೇಕು. ಯಾಕವ್ವ ಹೀಗೆ ಅಂದರೆ ಆಕೆ ಅಂದದ್ದು:

‘ಈ ಮನೆ ಕಟ್ದಾಗ ಎರಡು ಮೆಟ್ಲು ಹತ್ತಿ ಒಳಕ್ಕೆ ಬರ್ತಿದ್ವಿ ಕಣಪ್ಪ. ಈಗ ಇಳಿದು ಬರ್ತೀವಿ. ಮನೆ ಎಲ್ಲೂ ಹೋಗ್ಲಿಲ್ಲ, ಇದ್ದಲ್ಲೇ ಅದೆ. ರೋಡೇ ಮೇಲಕ್ಕೆ ಹೋಯ್ತು.’

ಈ ಮಾತಿನ ಮುಂದೆ ನಮ್ಮ ಬಿ.ಎ. ಡಿಗ್ರಿ ಸುಮ್ಮನಾಯಿತು. ಅಲ್ಲಿಂದ ಬಂದ ಮೇಲೆ ನಮ್ಮ ಹಾಸ್ಟೆಲಿನ ಇಂಜಿನಿಯರಿಂಗ್ ಹುಡುಗರನ್ನು ಕೂರಿಸಿಕೊಂಡು ಕೇಳಿದೆವು, ಪುಸ್ತಕ ತಿರುವಿದೆವು, ಗ್ಯಾಂಗಿನಲ್ಲಿ ಡಾಂಬರು ಹಾಕುವ ಅಣ್ಣಂದಿರ ಜೊತೆ ಬೀಡಿ ಅಂಗಡಿ ಮುಂದೆ ನಿಂತು ಮಾತಾಡಿದೆವು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಓದಿ. ತಪ್ಪಿದ್ದರೆ ತಿದ್ದಿ. ಸರಿಯಿದ್ದರೆ ಸುಮ್ಮನೆ ಕೂರಬೇಡಿ.

*

ಈಗ ಊರೆಲ್ಲ ಒಂದು ಮಾತು ಓಡಾಡುತ್ತಿದೆ: ‘ಕಡಿಮೆ ಖರ್ಚಿನಲ್ಲಿ ರಸ್ತೆ ನಿರ್ವಹಣೆ’. ಏಸಿ ಹಾಲಿನ ಸೆಮಿನಾರುಗಳಲ್ಲಿ ಟೀ ಬಿಸ್ಕತ್ತಿನ ಜೊತೆಗೆ ಇದನ್ನೂ ಹಂಚುತ್ತಾರೆ. ಮಾತು ಒಳ್ಳೆಯದೇ. ಜನರ ದುಡ್ಡು ಉಳಿಯಬೇಕು ಅನ್ನುವುದಕ್ಕೆ ನಮ್ಮದೇನೂ ತಕರಾರಿಲ್ಲ. ಬಡವನಿಗಿಂತ ಚೆನ್ನಾಗಿ ಲೆಕ್ಕ ಇಡುವವನು ಯಾರಿದ್ದಾನೆ? ಆದರೆ ಒಂದು ಮಾತು ಕೇಳಲೇಬೇಕು. ಯಾರಿಗೆ ಕಡಿಮೆ, ಸ್ವಾಮಿ? ಯಾರ ಖರ್ಚು?

ಆ ಅವ್ವ ಹೊಸಲಿಗೆ ಇಟ್ಟಿಗೆ ಕಟ್ಟಿಸಿದ್ದು ಚೀಟಿ ಎತ್ತಿದ ದುಡ್ಡಿನಲ್ಲಿ. ನೆನೆದು ಹೋದ ಅಕ್ಕಿ ಮೂಟೆ, ಮಗಳ ಪುಸ್ತಕ, ಕೆಟ್ಟು ಹೋದ ಮಿಕ್ಸಿ, ಮಳೆಯ ರಾತ್ರಿ ನಿದ್ದೆಗೆಟ್ಟು ಮಾರನೆಯ ದಿನ ತಪ್ಪಿದ ಹಾಜರಿ... ಇದು ಯಾವ ಎಸ್ಟಿಮೇಟಿನಲ್ಲಿದೆ? ಯಾವ ಟೆಂಡರಿನಲ್ಲಿದೆ? ಎಲ್ಲೂ ಇಲ್ಲ. ತಮ್ಮ ಪುಸ್ತಕದಲ್ಲಿ ಖರ್ಚು ಕಡಿಮೆ ತೋರಿಸುವುದು ಬಹಳ ಸುಲಭ. ಅದನ್ನು ಬಡವರ ಮನೆಯೊಳಕ್ಕೆ ಹರಿಯ ಬಿಟ್ಟರಾಯಿತು. ಮಳೆ ನೀರಿನ ಹಾಗೆ ಖರ್ಚೂ ತಗ್ಗಿಗೇ ಹರಿಯುತ್ತದೆ. ಈ ದೇಶದಲ್ಲಿ ತಗ್ಗಿನಲ್ಲಿ ಇರುವವರು ಯಾರು ಅಂತ ಹೇಳಬೇಕೆ?

*

ಮೊದಲು ರಸ್ತೆ ಹೇಗೆ ಸಾಯುತ್ತದೆ ಅಂತ ತಿಳಿದುಕೊಳ್ಳೋಣ. ಇದರಲ್ಲಿ ಮಂತ್ರ ಏನೂ ಇಲ್ಲ.

ಡಾಂಬರು ರಸ್ತೆ ಅಂದರೆ ಅಡಿಯಲ್ಲಿ ಗಟ್ಟಿ ಮಣ್ಣು, ಮೇಲೆ ಜಲ್ಲಿಯ ಹಾಸು, ಅದರ ಮೇಲೆ ಡಾಂಬರು ಬೆರೆಸಿದ ಜಲ್ಲಿಯ ಹೊದಿಕೆ. ಭಾರ ಹೊರುವುದು ಅಡಿಯಲ್ಲಿರುವವರೇ! ಮೇಲಿನ ಹೊದಿಕೆಯ ಮುಖ್ಯ ಕೆಲಸ ನೀರು ಒಳಗೆ ಇಳಿಯದ ಹಾಗೆ ನೋಡಿಕೊಳ್ಳುವುದು. ಬಿಸಿಲಿಗೆ ಗಾಳಿಗೆ ವರ್ಷ ಕಳೆದ ಹಾಗೆ ಡಾಂಬರು ಒಣಗಿ ಪೆಡಸಾಗುತ್ತದೆ. ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಇಳಿಯುತ್ತದೆ. ಜಲ್ಲಿಯ ಹಾಸು ಸಡಿಲಾಗುತ್ತದೆ, ಮಣ್ಣು ಮೆತ್ತಗಾಗುತ್ತದೆ. ಮೇಲೆ ಚಕ್ರ ಹೋದ ಹಾಗೆಲ್ಲ ಹೊದಿಕೆ ಬಾಗಿ ಬಾಗಿ ಮೊಸಳೆ ಚರ್ಮದ ಹಾಗೆ ಒಡೆಯುತ್ತದೆ. ಒಂದು ಚೂರು ಎದ್ದು ಬಂದರೆ ಗುಂಡಿ. ಗುಂಡಿಯಲ್ಲಿ ನೀರು ನಿಂತರೆ ಅದು ಕೆರೆ.

ಅಂದರೆ ರಸ್ತೆಯ ಹಗೆ ನೀರು. ನೀರು ನಿಲ್ಲದ ಹಾಗೆ ಮಾಡುವುದೇ ರಸ್ತೆ ಕಾಪಾಡುವ ವಿದ್ಯೆ. ಅದಕ್ಕೇ ಹಿಂದಿನವರು ರಸ್ತೆಯ ನಡುವೆ ಉಬ್ಬು ಕೊಟ್ಟು ಎರಡೂ ಅಂಚಿಗೆ ಇಳಿಜಾರು ಮಾಡಿದರು. ನೂರು ಅಡಿಗೆ ಎರಡು, ಎರಡೂವರೆ ಅಡಿಯ ಲೆಕ್ಕದ ಇಳಿಜಾರು. ಅಂಚಿನಲ್ಲಿ ಚರಂಡಿ. ನೀರು ಚರಂಡಿಗೆ ಇಳಿಯಲು ಕಿಂಡಿ. ಆ ಕಿಂಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಒಂದು ಮಂಕರಿ ಮಣ್ಣು, ನಾಲ್ಕು ಎಲೆ ಸಿಕ್ಕಿಕೊಂಡರೆ ಸಾಕು, ಕೋಟಿ ರೂಪಾಯಿಯ ರಸ್ತೆಯ ಆಯುಸ್ಸು ಅಲ್ಲಿಂದಲೇ ಸೋರತೊಡಗುತ್ತದೆ.

ಹಾಗಾದರೆ ಕಡಿಮೆ ಖರ್ಚಿನ ದಾರಿ ಯಾವುದು? ಮಳೆಗೆ ಮುಂಚೆ ಚರಂಡಿಯ ಹೂಳು ತೆಗೆಯಿರಿ. ಕಿಂಡಿಗಳನ್ನು ದಿನವೂ ಬಿಡಿಸಿ. ಬಿರುಕು ಕಂಡ ವರ್ಷವೇ ಅದಕ್ಕೆ ಡಾಂಬರು ತುಂಬಿ. ಗುಂಡಿ ಬಿದ್ದರೆ ಚೌಕವಾಗಿ ಕತ್ತರಿಸಿ, ಧೂಳು ತೆಗೆದು, ಒಣಗಿಸಿ, ಅಂಟು ಡಾಂಬರು ಬಳಿದು, ಬಿಸಿ ಜಲ್ಲಿ ತುಂಬಿ, ರೋಲರ್ ಹೊಡೆಯಿರಿ. ಮಳೆಯಲ್ಲಿ ಒಂದು ಬಾಂಡಲಿ ಕಟ್ಟಡದ ಕಸ ಸುರಿದು ಗುದ್ದಲಿಯಲ್ಲಿ ತಟ್ಟಿ ಹೋಗಬೇಡಿ. ಇಷ್ಟೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ನಮ್ಮ ಹಳ್ಳಿಯ ಮುದುಕಿಗೂ ಗೊತ್ತು. ಬಿರುಕಿಗೆ ತೇಪೆ ಹಾಕುವ ಖರ್ಚೆಲ್ಲಿ, ತಳದಿಂದ ಅಗೆದು ಹೊಸ ರಸ್ತೆ ಕಟ್ಟುವ ಖರ್ಚೆಲ್ಲಿ!

*

ಇನ್ನೊಂದು ಲೆಕ್ಕ. ರಸ್ತೆಯನ್ನು ಹಾಳು ಮಾಡುವವರು ಯಾರು?

ಗಾಡಿಯಲ್ಲಿ ಸೊಪ್ಪು ಮಾರುವವನು ದಾರಿಗೆ ಅಡ್ಡ. ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿಯುವವನು ಅಡ್ಡ. ಗುಜರಿ ಸಾಮಾನಿನ ಸೈಕಲ್ ಗಾಡಿ ಅಡ್ಡ. ಎತ್ತಿಸುವುದು ಇವರನ್ನೇ. ಆದರೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ರಸ್ತೆ ಹೇಗೆ ಸವೆಯುತ್ತದೆ ಅಂತ ಒಂದು ದೊಡ್ಡ ಪರೀಕ್ಷೆ ಮಾಡಿದರು. ಅಲ್ಲಿ ಕಂಡದ್ದನ್ನು ಈಗಲೂ ಇಂಜಿನಿಯರಿಂಗ್ ಕ್ಲಾಸುಗಳಲ್ಲಿ ಕಲಿಸುತ್ತಾರೆ. ಚಕ್ರದ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಮೂರು ಪಟ್ಟಾದರೆ ಎಂಬತ್ತೊಂದು ಪಟ್ಟು. ಈ ಲೆಕ್ಕದಲ್ಲಿ ತಳ್ಳುಗಾಡಿಯವನ, ಸೈಕಲಿನವನ, ಬರಿಗಾಲಿನವನ ಪಾಲು ಸೊನ್ನೆ. ಮೈಸೂರು ರಸ್ತೆಯಲ್ಲಿ ರಾತ್ರಿ ಹೊತ್ತು ಮಿತಿಮೀರಿ ಎಂ-ಸ್ಯಾಂಡು, ಜಲ್ಲಿ, ಕಬ್ಬಿಣ ತುಂಬಿಕೊಂಡು ಗೋಗರೆಯುತ್ತಾ ಹೋಗುವ ಟಿಪ್ಪರುಗಳ ಪಾಲು ಬಹುಪಾಲು. ಲಾರಿ ಡ್ರೈವರ್ ತಮ್ಮನ ಮೇಲೆ ನಮಗೆ ಸಿಟ್ಟಿಲ್ಲ. ಅವನು ಕೂಲಿ. ಒಂದು ಟ್ರಿಪ್ಪಿನಲ್ಲಿ ಎರಡು ಟ್ರಿಪ್ಪಿನ ಮಾಲು ತುಂಬಿಸುವವನ ಮೇಲೆ ಸಿಟ್ಟು. ತೂಕ ನೋಡದೆ ಬಿಡುವವನ ಮೇಲೆ ಸಿಟ್ಟು. ತೂಕ ಹಾಕುವ ಕಾಂಟಾ ಒಂದು ರಸ್ತೆಯನ್ನು ಉಳಿಸಬಲ್ಲದು. ಅದಕ್ಕಿಂತ ಅಗ್ಗದ ರಿಪೇರಿ ಎಲ್ಲಿದೆ? ಆದರೆ ತಳ್ಳುಗಾಡಿ ಎತ್ತುವಷ್ಟು ಸುಲಭ ಅಲ್ಲ ನೋಡಿ, ಟಿಪ್ಪರ್ ನಿಲ್ಲಿಸುವುದು.

*

ಅಗ್ಗದ ದಾರಿ ಇಷ್ಟು ಸುಲಭವಾಗಿದ್ದರೂ ಯಾಕೆ ಹಿಡಿಯುವುದಿಲ್ಲ? ಇದೇ ಈ ಬರಹದ ಪ್ರಶ್ನೆ.

ಮೊದಲನೇ ಕಾರಣ ಎಲ್ಲರಿಗೂ ಗೊತ್ತು. ಚರಂಡಿಯಿಂದ ತೆಗೆದ ಹೂಳಿಗೆ ಉದ್ಘಾಟನೆ ಇಲ್ಲ. ಬಿರುಕಿಗೆ ತುಂಬಿದ ಡಾಂಬರಿನ ಮೇಲೆ ಹೆಸರಿನ ಕಲ್ಲು ನೆಡಲಾಗುವುದಿಲ್ಲ. ಹಳೇ ಡಾಂಬರಿನ ಮೇಲೆ ಹೊಸ ಡಾಂಬರು ಎಳೆದರೆ ಅಳತೆ ಪುಸ್ತಕದಲ್ಲಿ ಉದ್ದ ಅಗಲ ದಪ್ಪ ಬರೆದು ಬಿಲ್ಲು ಮಾಡಬಹುದು. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಕಾಮಗಾರಿಗಳಲ್ಲಿ ಶೇಕಡಾ 40ರ ತನಕ ಕಮಿಷನ್ ಕೇಳುತ್ತಾರೆ ಅಂತ ಪ್ರಧಾನಿಗೆ ಪತ್ರ ಬರೆಯಿತು. ಆರೋಪ ಮಾಡಿದವರು ನಾವಲ್ಲ, ಡಾಂಬರು ಹಾಕುವವರೇ. ನೂರರಲ್ಲಿ ನಲವತ್ತು ಹೋದರೆ ರಸ್ತೆಗೆ ಬೀಳುವುದು ಎಷ್ಟು ದಪ್ಪ, ನೀವೇ ಲೆಕ್ಕ ಹಾಕಿ.

ಹೊಸ ಪದರ ಹಾಕುವ ಮುಂಚೆ ಹಳೇ ಪದರವನ್ನು ಕೆರೆದು ತೆಗೆಯಬೇಕು. ಅದಕ್ಕೆ ಯಂತ್ರಗಳಿವೆ. ಕೆರೆದ ಡಾಂಬರು ಜಲ್ಲಿಯನ್ನು ಮತ್ತೆ ಬಳಸಬಹುದು, ದುಡ್ಡೂ ಉಳಿಯುತ್ತದೆ. ದೊಡ್ಡ ರಸ್ತೆಗಳಲ್ಲಿ ಕೆರೆಯುತ್ತಾರೆ. ನಮ್ಮ ಗಲ್ಲಿಗಳಿಗೆ ಆ ಯಂತ್ರ ತಿರುಗುವುದೇ ಇಲ್ಲ. ಒಂದು ಸಲಕ್ಕೆ ಒಂದೂವರೆ ಅಂಗುಲ ಅಂದರೂ ಐದು ಚುನಾವಣೆಗೆ ಏಳೂವರೆ ಅಂಗುಲ. ಅದೇ ಆ ಅವ್ವನ ಮೆಟ್ಟಿಲು. ನಮ್ಮ ಜನ ಓಟು ಹಾಕಿದ ಹಾಗೆಲ್ಲ ರಸ್ತೆ ಏರುತ್ತದೆ, ನಮ್ಮ ಹೊಸಲು ಮುಳುಗುತ್ತದೆ. ಇದನ್ನೇ ಅಭಿವೃದ್ಧಿ ಅನ್ನುತ್ತಾರೆ.

ಎರಡನೇ ಕಾರಣವನ್ನು ಸೆಮಿನಾರಿನಲ್ಲಿ ಯಾರೂ ಹೇಳುವುದಿಲ್ಲ. ನಾವು ಹೇಳುತ್ತೇವೆ.

ರಸ್ತೆ ಉಳಿಸುವ ಕೆಲಸ ಅಂದರೆ ಗುಡಿಸುವ ಕೆಲಸ, ಹೂಳೆತ್ತುವ ಕೆಲಸ, ಮೋರಿ ಬಿಡಿಸುವ ಕೆಲಸ. ಈ ದೇಶ ಆ ಕೆಲಸವನ್ನು ವಿದ್ಯೆ ಅಂತ ಯಾವತ್ತೂ ಒಪ್ಪಲಿಲ್ಲ. ಅದನ್ನು ಜಾತಿ ಅಂದುಕೊಂಡಿತು. ಇಂಜಿನಿಯರ್ ಕಟ್ಟುವವನು, ಪೊರಕೆಯವಳು ತೊಳೆಯುವವಳು. ಕಟ್ಟುವುದಕ್ಕೆ ಕೋಟಿ, ಕಾಪಾಡುವುದಕ್ಕೆ ಕವಡೆ. ರಸ್ತೆಯ ಆಯುಸ್ಸು ನಿಂತಿರುವುದು ಪೊರಕೆಯ ತುದಿಯಲ್ಲಿ ಅಂತ ಒಪ್ಪಿಕೊಂಡರೆ ಆ ಪೊರಕೆ ಹಿಡಿದ ಕೈಗೆ ಸಂಬಳ ಕೊಡಬೇಕಾಗುತ್ತದೆ, ಮರ್ಯಾದೆ ಕೊಡಬೇಕಾಗುತ್ತದೆ. ಅದಕ್ಕಿಂತ ಮತ್ತೊಂದು ಪದರ ಡಾಂಬರು ಹಾಕುವುದೇ ಅವರಿಗೆ ಅಗ್ಗ.

*

ಬೆಂಗಳೂರಿನ ನಕ್ಷೆಯನ್ನೇ ನೋಡಿ. 1898ರಲ್ಲಿ ಪ್ಲೇಗು ಬಂತು. ಜನ ಪೇಟೆ ಬಿಟ್ಟು ಓಡಿದರು. ಆಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಗಲ ರಸ್ತೆ, ಸಾಲು ಮರ, ಗಾಳಿ ಬೆಳಕು. ಎಲ್ಲರೂ ಹೊಗಳುತ್ತಾರೆ. ಆದರೆ ಮನೆಗಳ ಬೆನ್ನಿಗೆ ಒಂದು ಕಿರಿದಾದ ಓಣಿ ಇದೆಯಲ್ಲ, ಕನ್ಸರ್ವೆನ್ಸಿ ಲೇನು, ಅದು ಯಾರಿಗೆ ಮಾಡಿದ್ದು? ಮಲ ಹೊರುವವರು ಮುಂಬಾಗಿಲ ಬೀದಿಯಲ್ಲಿ ಕಾಣದ ಹಾಗೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ. ಊರಿಗೆ ಮುಖ ಒಂದು, ಬೆನ್ನು ಒಂದು. ಮುಖ ಅವರದು, ಬೆನ್ನು ನಮ್ಮದು.

1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತದ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿದರು. ತಲೆಯ ಮೇಲಿನ ಬುಟ್ಟಿ ಇಳಿಯಿತು. ಕೈಯಲ್ಲಿನ ಪೊರಕೆಗೆ ಬೆಲೆ ಬರಲಿಲ್ಲ. ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಮುಂದೆ ಸರ್ಕಾರ ಅದನ್ನು 700 ಜನಕ್ಕೆ ಒಬ್ಬರು ಅಂತ ಮಾಡಿತು. ಸಣ್ಣ ವ್ಯತ್ಯಾಸ ಅನ್ನಿಸುತ್ತದೆಯೇ? ಏಳು ಲಕ್ಷ ಜನರ ಊರಿನಲ್ಲಿ 1,400 ಜನ ಇರಬೇಕಾದ ಕಡೆ 1,000 ಸಾಕು ಅಂತ ಆಯಿತು. ನಾನೂರು ಕೆಲಸ ಒಂದು ಸಹಿಯಲ್ಲಿ ಹೋಯಿತು. ಅವರ ಪಾಲಿನ ಬೀದಿಗಳು ಉಳಿದ ಸಾವಿರ ಜನರ ಸೊಂಟದ ಮೇಲೆ ಬಿದ್ದವು. ‘ಕಡಿಮೆ ಖರ್ಚು’ ಅಂದರೆ ಇಷ್ಟು ದಿನ ನಮಗೆ ಇದೇ ಅರ್ಥ.

ಆಮೇಲೆ ಗುತ್ತಿಗೆ ಬಂತು. ಹಾಜರಿ ಪುಸ್ತಕ ಮೇಸ್ತ್ರಿಯ ಕೈಯಲ್ಲಿ, ಸಂಬಳ ಕಂಟ್ರಾಕ್ಟರ್ ಜೇಬಿನಲ್ಲಿ. 2017ರಲ್ಲಿ ಬೆಂಗಳೂರಿನಲ್ಲಿ ಗುತ್ತಿಗೆ ಬಿಟ್ಟು ಪಾಲಿಕೆಯಿಂದಲೇ ನೇರವಾಗಿ ಸಂಬಳ ಕೊಡುವ ತೀರ್ಮಾನ ಆಯಿತು. ಖಾಯಂ ಆಗಲಿಲ್ಲ. 2022ರ ಜುಲೈ 1ರಿಂದ ನಾಲ್ಕು ದಿನ ನಮ್ಮ ತಾಯಂದಿರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ನಾಲ್ಕೇ ದಿನಕ್ಕೆ ಊರು ನಾರಿತು, ಸರ್ಕಾರ ಬರೆದು ಕೊಟ್ಟಿತು. ಕಡೆಗೆ 2025ರ ಮೇ ದಿನದಂದು 12,692 ಜನ ಪೌರಕಾರ್ಮಿಕರಿಗೆ ಖಾಯಂ ಆದೇಶ ಕೈಗೆ ಬಂತು. ಇದನ್ನು ಯಾರೂ ದಾನ ಕೊಡಲಿಲ್ಲ. ಸಾಲಪ್ಪ ವರದಿ ಬಂದು ಐವತ್ತು ವರ್ಷ ತುಂಬುವ ಹೊತ್ತಿಗೆ ಹೋರಾಡಿ ಪಡೆದದ್ದು. ಚರಂಡಿ ಹೂಳೆತ್ತುವವರು, ಕಸದ ಆಟೋ ಡ್ರೈವರುಗಳು, ಡಾಂಬರು ಗ್ಯಾಂಗಿನ ಕೂಲಿಗಳು ಇನ್ನೂ ಸಾಲಿನಲ್ಲಿ ನಿಂತೇ ಇದ್ದಾರೆ.

ಖಾಯಂ ಆದ ಕೈ ಖರ್ಚು ಅನ್ನುವವರಿಗೆ ಒಂದು ಮಾತು. ಹಿಂದೆ ಲೋಕೋಪಯೋಗಿ ಇಲಾಖೆಯ ರಸ್ತೆಗಳಿಗೆ ಗ್ಯಾಂಗ್‌ಮನ್‌ಗಳಿರುತ್ತಿದ್ದರು. ಇಷ್ಟು ಮೈಲಿ ರಸ್ತೆ ಇವರದು ಅಂತ. ಮರದ ಬುಡದ ಮಣ್ಣು ಸರಿಪಡಿಸುವುದು, ಬದಿಯ ಹುಲ್ಲು ಕೆರೆಯುವುದು, ಮೋರಿ ಬಿಡಿಸುವುದು, ಸಣ್ಣ ಗುಂಡಿಯನ್ನು ಆಗಲೇ ಮುಚ್ಚುವುದು. ಆ ರಸ್ತೆಗೆ ಹೇಳೋರು ಕೇಳೋರು ಇದ್ದರು. ಈಗ ರಸ್ತೆಗೆ ಗುತ್ತಿಗೆದಾರ ಇದ್ದಾನೆ, ಆಳು ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಗುಂಡಿಗೆ ಬೈಕ್ ಬಿದ್ದು ಯಾರಾದರೂ ಸತ್ತ ಮೇಲೆ ಯಂತ್ರ ಬರುತ್ತದೆ.

*

ಈಗ ನಮ್ಮ ಹಾಸ್ಟೆಲಿನ ವಿಷಯಕ್ಕೆ ಬರೋಣ. ಗುಂಡಿಗೂ ನಮ್ಮ ತಟ್ಟೆಗೂ ಏನು ಸಂಬಂಧ ಅಂತ ಕೇಳುವವರು ಇದನ್ನು ಎರಡು ಸಲ ಓದಿ.

2013ರಲ್ಲಿ ಕರ್ನಾಟಕದಲ್ಲಿ ಒಂದು ಕಾಯಿದೆ ಬಂತು. ಪರಿಶಿಷ್ಟ ಜಾತಿ ಪಂಗಡದವರ ಜನಸಂಖ್ಯೆಗೆ ತಕ್ಕಷ್ಟು ದುಡ್ಡನ್ನು ಅವರಿಗೇ ಖರ್ಚು ಮಾಡಬೇಕು ಅಂತ. ಒಳ್ಳೆಯ ಕಾಯಿದೆ. ಆದರೆ ಅದರಲ್ಲೇ ಒಂದು ಕಿಂಡಿ ಇಟ್ಟಿದ್ದರು, 7ನೇ ಕಲಮಿನ ‘ಡಿ’ ಉಪವಿಧಿ. ಎಲ್ಲರಿಗೂ ಅಂತ ಮಾಡಿದ ರಸ್ತೆ, ಸೇತುವೆ, ನೀರಾವರಿಯಂಥ ದೊಡ್ಡ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ‘ಇದು ದಲಿತರಿಗೆ ಮಾಡಿದ ಖರ್ಚು ಅಂತ ಭಾವಿಸತಕ್ಕದ್ದು’ ಅನ್ನುವ ಕಿಂಡಿ. ಭಾವಿಸತಕ್ಕದ್ದು! ಎಂಥ ಪದ ನೋಡಿ. ನಾವು ಹಾಸ್ಟೆಲಿನಲ್ಲಿ ನೀರು ಸಾರು ಉಣ್ಣುತ್ತಾ ಗಟ್ಟಿ ಬೇಳೆ ಅಂತ ಭಾವಿಸತಕ್ಕದ್ದು. ಒಂದು ರೂಮಿನಲ್ಲಿ ಹತ್ತು ಜನ ಮಲಗಿ ಅರಮನೆ ಅಂತ ಭಾವಿಸತಕ್ಕದ್ದು. ಹತ್ತು ವರ್ಷ ಆ ಕಿಂಡಿ ತೆರೆದೇ ಇತ್ತು. ಹೋರಾಟ ಮಾಡಿ ಮಾಡಿ 2023ರಲ್ಲಿ ಅದನ್ನು ಮುಚ್ಚಿಸಬೇಕಾಯಿತು.

ಈಗ ಜೋಡಿಸಿ ನೋಡಿ. ನಮ್ಮ ಅಜ್ಜಂದಿರು ಚಪ್ಪಲಿ ಮೆಟ್ಟಿ ನಡೆಯುವ ಹಾಗಿರಲಿಲ್ಲ ಊರ ಬೀದಿಯಲ್ಲಿ. ನಮ್ಮ ಅವ್ವಂದಿರು ಗುಡಿಸುತ್ತಾರೆ ಅದೇ ಬೀದಿ. ನಮ್ಮ ಹೆಸರಿನ ದುಡ್ಡು ಹೋಯಿತು ಕಾಮಗಾರಿಗೆ. ಅದೇ ರಸ್ತೆ ಏರಿ ಏರಿ ಬಂದು ನಮ್ಮ ಮನೆಗೆ ನೀರು ನುಗ್ಗಿಸಿತು. ಇದಕ್ಕಿಂತ ಕಡಿಮೆ ಖರ್ಚಿನ ವ್ಯವಸ್ಥೆ ಜಗತ್ತಿನಲ್ಲಿ ಬೇರೆಲ್ಲಾದರೂ ಇದೆಯೇ? ಅವರಿಗೆ!

*

ಇನ್ನು ಗುಜರಿ. ನಾಯಂಡಹಳ್ಳಿ ಅಂದರೆ ಪ್ಲಾಸ್ಟಿಕ್ ಗುಜರಿಗೆ ಹೆಸರಾದ ಜಾಗ. ಊರಿನ ಹಾಲಿನ ಕವರು, ಬಾಟಲಿ, ಮುರಿದ ಬಕೆಟು ಎಲ್ಲ ಇಲ್ಲಿಗೆ ಬಂದು ಬಣ್ಣ ಬಣ್ಣವಾಗಿ ಬೇರೆಯಾಗುತ್ತವೆ. ಬೇರೆ ಮಾಡುವವರು ಚಿಂದಿ ಆಯುವ ದಲಿತರು, ಮುಸಲ್ಮಾನರು, ಹೊಟ್ಟೆಪಾಡಿಗೆ ದೂರದಿಂದ ಬಂದವರು.

2002ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜಸ್ಟೊ ಮತ್ತು ವೀರರಾಘವನ್ ಅನ್ನುವ ಪ್ರಾಧ್ಯಾಪಕರು ಹಾಳು ಪ್ಲಾಸ್ಟಿಕ್ಕನ್ನು ಡಾಂಬರಿಗೆ ಸೇರಿಸಿ ಪರೀಕ್ಷೆ ಮಾಡಿ, ಮಿಶ್ರಣ ಗಟ್ಟಿಯಾಗುತ್ತದೆ ಅಂತ ತೋರಿಸಿದರು. ನಗರದ ಕೆಲವು ರಸ್ತೆಗಳಿಗೆ ಹಾಕಿಯೂ ನೋಡಿದರು. 2013ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕೆ ನಿಯಮ ಬರೆಯಿತು. 2015ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಊರುಗಳ ಸುತ್ತಿನ ಡಾಂಬರು ರಸ್ತೆಗಳಿಗೆ ಪ್ಲಾಸ್ಟಿಕ್ ಬಳಸಿ ಅಂದಿತು. ಪ್ಲಾಸ್ಟಿಕ್ಕನ್ನು ಚೂರು ಮಾಡಿ ಕಾದ ಜಲ್ಲಿಯ ಮೇಲೆ ಹಾಕಿದರೆ ಅದು ಕರಗಿ ಜಲ್ಲಿಗೆ ಅಂಗಿ ತೊಡಿಸಿದ ಹಾಗೆ ಅಂಟಿಕೊಳ್ಳುತ್ತದೆ, ನೀರು ಹತ್ತಿರ ಬಿಡುವುದಿಲ್ಲ. ಇದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ನಾವು ಹೇಳುವುದಿಲ್ಲ. ಚರಂಡಿ ಕಟ್ಟಿದ್ದರೆ ಪ್ಲಾಸ್ಟಿಕ್ ರಸ್ತೆಯೂ ಸಾಯುತ್ತದೆ. ನಾವು ಕೇಳುವುದು ಇಷ್ಟು: ಚರಂಡಿಯ ಕಿಂಡಿ ಕಟ್ಟುವುದೂ ಅದೇ ತೆಳು ಚೀಲ, ರಸ್ತೆ ಗಟ್ಟಿ ಮಾಡುವುದೂ ಅದೇ ಚೀಲ. ನಡುವೆ ಬಗ್ಗಿ ಅದನ್ನು ಎತ್ತಿದ ಒಂದು ಕೈ ಇದೆ. ಆ ಕೈಗೆ ಕೆ.ಜಿ. ಲೆಕ್ಕದಲ್ಲಿ ಬಿಡಿಗಾಸು. ಹೊಗಳಿಕೆ ಎಲ್ಲಾ ರಸ್ತೆಗೆ. ನಾಯಂಡಹಳ್ಳಿಯ ಗುಜರಿಯವರು ಈ ಊರಿನ ರಸ್ತೆ ಇಲಾಖೆಯ ನೌಕರರು. ಅವರಿಗೆ ನೇಮಕದ ಪತ್ರ ಮಾತ್ರ ಬಂದಿಲ್ಲ.

*

ನಮ್ಮೊಳಗೂ ಕೆಲವರು ಕೇಳುತ್ತಾರೆ: ‘ಏನಯ್ಯ, ಭೂಮಿ ಹೋರಾಟ ಇದೆ, ಮೀಸಲಾತಿ ಇದೆ, ದೌರ್ಜನ್ಯ ದಿನಾ ನಡೀತಿದೆ, ನೀವು ಗುಂಡಿ ಮೋರಿ ಅಂತ ಕೂತಿದ್ದೀರಲ್ಲ?’

ಗೆಳೆಯರೇ, ಬಾಬಾಸಾಹೇಬರ ಮುಂದಾಳತ್ವದಲ್ಲಿ ಬರೆದ ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯ ಹೆಸರೂ ಅಲ್ಲಿದೆ. ಸರ್ಕಾರದ ದುಡ್ಡಿನಿಂದ ನಿರ್ವಹಿಸುವ ರಸ್ತೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಇದೆ. ರಸ್ತೆ, ಜಾತಿ, ನಿರ್ವಹಣೆಯ ದುಡ್ಡು ಮೂರೂ ಒಂದೇ ವಾಕ್ಯದಲ್ಲಿ! ಸುಮ್ಮನೆ ಬಂದದ್ದಲ್ಲ ಅದು. 1924ರಲ್ಲಿ ಕೇರಳದ ವೈಕಂನಲ್ಲಿ ಗುಡಿಯೊಳಗೆ ಹೋಗಲಿಕ್ಕಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲಿಕ್ಕೆ ಸತ್ಯಾಗ್ರಹ ಮಾಡಬೇಕಾಯಿತು. ಇಪ್ಪತ್ತು ತಿಂಗಳು. ಕಡೆಗೆ ಮೂರು ದಿಕ್ಕಿನ ರಸ್ತೆ ತೆರೆಯಿತು, ಪೂರ್ವದ್ದು ತೆರೆಯಲಿಲ್ಲ. ನಡೆಯುವ ಹಕ್ಕಿಗೆ ಅಷ್ಟು ಬೆಲೆ ತೆತ್ತವರ ಮಕ್ಕಳು ನಾವು. ಮನೆಯಿಂದ ಹೊರಗೆ ಕಾಲಿಟ್ಟರೆ ಮೋರಿ ನೀರು ಅಂದರೆ ಆ ಹಕ್ಕು ಅರ್ಧ ಕಿತ್ತುಕೊಂಡ ಹಾಗೆ. ನಮ್ಮ ಹೈಕೋರ್ಟೇ 2019ರಲ್ಲಿ ಹೇಳಿದೆ: ಒಳ್ಳೆಯ ರಸ್ತೆ ಬದುಕುವ ಹಕ್ಕಿನ ಭಾಗ, ಕೆಟ್ಟ ರಸ್ತೆಯಿಂದ ಪೆಟ್ಟಾದವರು ಪರಿಹಾರ ಕೇಳಬಹುದು ಅಂತ.

ಇನ್ನು ಕೆಲವರು, ‘ಈಗ ನಮ್ಮವರಿಗೂ ಗುತ್ತಿಗೆಯಲ್ಲಿ ಮೀಸಲಾತಿ ಇದೆಯಲ್ಲ, ನಮ್ಮವರೇ ರಸ್ತೆ ಮಾಡ್ತಾರೆ’ ಅನ್ನುತ್ತಾರೆ. ಇರಲಿ, ಸಂತೋಷ. ಅದು ನಮ್ಮ ಹಕ್ಕು. ಆದರೆ ನಮ್ಮವನೇ ಕಂಟ್ರಾಕ್ಟರಾಗಿ, ನಮ್ಮವ್ವನ ಹೊಸಲಿನ ಮೇಲೆ ಕೆರೆಯದೆ ಡಾಂಬರು ಸುರಿದರೆ ನೀರು ಜಾತಿ ನೋಡಿ ಒಳಗೆ ಬರದೆ ಇರುತ್ತದೆಯೇ? ಅಂಬೇಡ್ಕರ್ ಫೋಟೋ ಹಾಕಿಕೊಂಡ ಟಿಪ್ಪರ್ ಮಾಡುವ ಗುಂಡಿಯೂ ಗುಂಡಿಯೇ. ಇದನ್ನು ನಮ್ಮವರಿಗೆ ನಾವೇ ಹೇಳದಿದ್ದರೆ ಬೇರೆ ಯಾರು ಹೇಳಬೇಕು?

*

ಕೇಳುವುದು ಯಾರನ್ನು? 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಕಾರ್ಪೊರೇಟರುಗಳಿಲ್ಲದೆ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಹಳೇ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರಡಿ ಐದು ಪಾಲಿಕೆಗಳು. ಬೋರ್ಡು ಬದಲಾಯಿತು, ಕುರ್ಚಿ ಹೆಚ್ಚಾಯಿತು. ಕಿಂಡಿಯಲ್ಲಿನ ಚೀಲ ಅಲ್ಲೇ ಇದೆ. ಬಾಗಿಲು ಯಾವುದಾದರೇನು, ತಟ್ಟುವವರು ಇರಬೇಕು. ನಾವು ಕೇಳುವುದು ಇವು:

1. ಹಳೇ ಪದರ ಕೆರೆಯದೆ ಯಾವ ಗಲ್ಲಿಯಲ್ಲೂ ಹೊಸ ಡಾಂಬರು ಹಾಕಕೂಡದು. ರಸ್ತೆಯ ಮಟ್ಟ ಮನೆಯ ಹೊಸಲಿಗಿಂತ ಕೆಳಗೇ ಇರಬೇಕು.

2. ರಸ್ತೆಯ ದುಡ್ಡಿನಲ್ಲಿ ಮೊದಲ ಪಾಲು ಚರಂಡಿ, ಬಿರುಕು, ಸಣ್ಣ ಗುಂಡಿಗೆ. ಉಳಿದರೆ ಹೊಸ ಪದರಕ್ಕೆ.

3. ಇಷ್ಟಿಷ್ಟು ರಸ್ತೆಗೆ ಇಂಥ ಗ್ಯಾಂಗು ಅಂತ ಖಾಯಂ ಕೆಲಸಗಾರರು ಬೇಕು. ಖಾಯಂ ಸಂಬಳ, ಬೂಟು, ಕೈಚೀಲ, ಕೆಲಸ ಕಲಿಸುವ ಶಾಲೆ. ಹೂಳೆತ್ತಲು ಯಂತ್ರ. ಯಾವ ಮನುಷ್ಯನೂ ಮೋರಿಗೆ ಇಳಿಯಕೂಡದು.

4. ಹೆಚ್ಚು ತೂಕದ ಟಿಪ್ಪರಿಗೆ ಕಾಂಟಾ, ದಂಡ. ದಂಡ ಕಟ್ಟುವವನು ಮಾಲೀಕ, ಡ್ರೈವರ್ ಅಲ್ಲ.

5. ಪ್ರತಿ ರಸ್ತೆಯ ತಲೆಯಲ್ಲಿ ಕನ್ನಡದಲ್ಲಿ ಬೋರ್ಡು: ಯಾವಾಗ ಹಾಕಿದ್ದು, ಎಷ್ಟು ದುಡ್ಡು, ಎಷ್ಟು ದಪ್ಪ, ಎಷ್ಟು ವರ್ಷ ಗುತ್ತಿಗೆದಾರನ ಹೊಣೆ.

6. ನಮ್ಮ ಹೆಸರಿನ ದುಡ್ಡು ನಮಗೇ. ಹಾಸ್ಟೆಲಿನ ಬೇಳೆ ಯಾವ ಕಾಮಗಾರಿಗೂ ಹೋಗಕೂಡದು.

ನಾವೇನು ಮಾಡಬೇಕು? ಭಾಷಣ ಸಾಕು. ಭಾನುವಾರ ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ಬನ್ನಿ. ಗಲ್ಲಿ ಗಲ್ಲಿಯಲ್ಲಿ ಹೊಸಲು ರಸ್ತೆಗಿಂತ ಎಷ್ಟು ಅಂಗುಲ ಕೆಳಗಿದೆ ಅಂತ ಅಳೆಯೋಣ. ಒಡೆದ ರಸ್ತೆಯ ಅಂಚಿನಲ್ಲಿ ಎಷ್ಟು ಪದರ ಇದೆ ಅಂತ ಎಣಿಸೋಣ, ಮರದ ಬಳೆ ಎಣಿಸಿದ ಹಾಗೆ ಎಣಿಸಬಹುದು. 2005ರ ಮಾಹಿತಿ ಹಕ್ಕಿನಲ್ಲಿ ಆ ಗಲ್ಲಿಯ ಅಳತೆ ಪುಸ್ತಕದ ನಕಲು ಕೇಳೋಣ. ಪುಸ್ತಕದಲ್ಲಿ ‘ಕೆರೆದು ಹಾಕಿದೆ’ ಅಂತ ಬರೆದಿದ್ದು ರಸ್ತೆಯಲ್ಲಿ ಐದು ಪದರ ಇದ್ದರೆ, ಸಾಕ್ಷಿ ಇನ್ನೇನು ಬೇಕು? ಇಂಜಿನಿಯರಿಂಗ್ ಓದುವ ತಮ್ಮಂದಿರೇ, ನೀವು ಮುಂದೆ ಇರಿ. ನಾಳೆ ನೀವು ಕುರ್ಚಿಯಲ್ಲಿ ಕೂತಾಗ ಈ ಗಲ್ಲಿ ನೆನಪಿರಲಿ. ಕಾಗದದ ಮೇಲೆ ಸಹಿ ಹಾಕುವ ಮುಂಚೆ ಹೊಸಲು ನೋಡಿ.

ನಾವು ಹೊರಟಾಗ ಆ ಅವ್ವ ತಪ್ಪಲೆ ಬೋರಲು ಹಾಕಿ, ಒದ್ದೆ ಸೆರಗು ಹಿಂಡಿಕೊಂಡು, ನಗುತ್ತಲೇ ಅಂದಳು: ‘ಊರ ಬೀದಿ ಎಲ್ಲಾ ನಾನೇ ಗುಡಿಸ್ತೀನಿ ಕಣ್ರಪ್ಪ. ನನ್ನ ಬಾಗಿಲು ಮುಂದೆ ಮಾತ್ರ ನೀರು ನಿಂತದೆ.’

ಮುಂದಿನ ಮಳೆಗೆ ಮುಂಚೆ ಆ ನೀರಿಗೆ ಉತ್ತರ ಕೊಡಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಯಂಡಹಳ್ಳಿ ಮೆಟ್ರೋ ಕೆಳಗೆ ಇರುತ್ತೇವೆ. ಟೇಪು ಮರೆಯಬೇಡಿ.